ಕೂಡಿಕೆಯೂ ಪೈಪೋಟಿಯೂ

ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ರೀತಿಗೆ ಪ್ರಾಚೀನ ನೀತಿಶಾಸ್ತ್ರಕಾರರು ಮತ್ಸ್ಯನ್ಯಾಯವೆಂದು ಹೆಸರಿಟ್ಟರು. ದಂಡಧರನಿಲ್ಲದ ಕಡೆಯಲ್ಲಿ ಲೋಕವೂ ಹಾಗೆಯೇ ಆಗುವುದೆಂಬುದು ಕೌಟಿಲ್ಯನ ಮತ. ಗಣಕಯಂತ್ರಗಳನ್ನೂ ಅವುಗಳಿಗೆ ಹೃದಯಪ್ರಾಯವಾದ ಚಿಪ್‌ಗಳನ್ನೂ ಮಾಡುವ ಕಂಪೆನಿಗಳ ಚರಿತ್ರೆಯನ್ನು ನೋಡಿದವರಿಗೆ ಈ ಮಾತು ನೆನಪಾಗದಿರದು.

ಅಮೆರಿಕದ ವ್ಯಾಪಾರಕ್ಕೂ ಜಗಳೂರಿನ ಬೆದ್ದಲು ಹೊಲಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧವುಂಟು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿಯು ಬೆಂಗಳೂರಿಗೆ ಬಂದಿತು. ಅಂದಿನಿಂದ ಚಿಪ್‌ಗಳ ವಿನ್ಯಾಸವು ಕನ್ನಡ ನಾಡಿನ ವೃತ್ತಿಗಳಲ್ಲೊಂದಾಯಿತು. ಚನ್ನಗಿರಿಯ ಅಡಕೆಯ ಹಣದಿಂದಲೋ ನ್ಯಾಮತಿಯ ಮೆಕ್ಕೆಜೋಳದ ಹಣದಿಂದಲೋ ಓದಿದ ಮಕ್ಕಳು ಇಂತಹ ಕಚೇರಿಗಳಲ್ಲಿ ಅನ್ನ ಕಂಡುಕೊಂಡಿದ್ದಾರೆ. ಅಲ್ಲಿ ಒಂದು ಕಂಪೆನಿ ಮತ್ತೊಂದನ್ನು ಕೊಂಡಿತೆಂದರೆ ಇಲ್ಲಿ ತಾಯಿತಂದೆಗಳ ನಿದ್ರೆ ಕೆಡುತ್ತದೆ.

ಡಿಜಿಟಲ್ ಎಂಬ ಕಂಪೆನಿಯ ಕಥೆಯೊಂದೇ ಸಾಕು. ಒಂದು ಕಾಲದಲ್ಲಿ ಅದು ಗಣಕಲೋಕದ ಮಹಾವೃಕ್ಷಗಳಲ್ಲೊಂದು. 1998ರಲ್ಲಿ ಅದನ್ನು ಕಾಂಪ್ಯಾಕ್ ಸುಮಾರು 960 ಕೋಟಿ ಡಾಲರಿಗೆ ಕೊಂಡಿತು. ನಾಲ್ಕೇ ವರ್ಷ; 2002ರಲ್ಲಿ ಕಾಂಪ್ಯಾಕನ್ನೇ ಹ್ಯೂಲೆಟ್ ಪ್ಯಾಕರ್ಡ್ ಒಳಗೊಂಡಿತು. ಸ್ಥಾಪಕರೊಬ್ಬರ ಮಗನಾದ ವಾಲ್ಟರ್ ಹ್ಯೂಲೆಟರೇ ಇದನ್ನು ವಿರೋಧಿಸಿದರು. ಪಾಲುಗಾರರ ಮತಗಣನೆಯಲ್ಲಿ ಅಲ್ಪಾಂತರದಿಂದ ಸೋತರು. ಸುಮಾರು 15,000 ಉದ್ಯೋಗಗಳನ್ನು ಕಡಿತಮಾಡುವ ಸಂಕಲ್ಪವು ಈ ಕೂಡಿಕೆಯೊಡನೆಯೇ ಪ್ರಕಟವಾಗಿದ್ದಿತು. ಇಷ್ಟಾಗಿಯೂ 2015ರಲ್ಲಿ ಆ ಹ್ಯೂಲೆಟ್ ಪ್ಯಾಕರ್ಡ್ ತಾನೇ ಎರಡು ಹೋಳಾಯಿತು!

ಕೂಡಲಿಯಲ್ಲಿ ಸೇರಿದ ತುಂಗೆಯೂ ಭದ್ರೆಯೂ ಹೊನ್ನಾಳಿಯನ್ನು ಮುಟ್ಟುವಾಗ ತುಂಗಭದ್ರೆಯಾಗಿರುತ್ತವೆ. ಹೆಸರಿನಲ್ಲಿ ಎರಡಕ್ಕೂ ಸಮಪಾಲು. ಕಂಪೆನಿಗಳ ಸಂಗಮದಲ್ಲಿ ಸಾಮಾನ್ಯವಾಗಿ ಈ ಧರ್ಮ ನಡೆಯದು. ಕೊಂಡವನ ಹೆಸರು ಉಳಿಯುವುದು, ಮಾರಿಕೊಂಡವನದು ಅಳಿಯುವುದು.

ಹಾಗೆಂದು ಕೂಡಿಕೆಯೆಲ್ಲವೂ ಕೆಡುಕೆನ್ನುವುದು ವಿವೇಕವಲ್ಲ. ಇಂದಿನ ಮೇಲ್ತರದ ಚಿಪ್ ಕಾರ್ಖಾನೆಯೊಂದಕ್ಕೆ 1,000 ಕೋಟಿ ಡಾಲರಿಗೂ ಮೀರಿದ ಬಂಡವಾಳ ಬೇಕು. ಚಿಕ್ಕ ಕೈಗಳಿಗೆ ಅದು ಎಟುಕದು. ಆದರೆ ಕೊಳ್ಳುವವನು ಒಬ್ಬನೇ ಉಳಿದರೆ ಆಗುವ ಗತಿ ಅಡಕೆ ಬೆಳೆಗಾರನಿಗೆ ಹೇಳಿಕೊಡಬೇಕಾದುದಲ್ಲ. ಚನ್ನಗಿರಿಯವರು ತುಮ್ಕೋಸ್ ಎಂಬ ಸಹಕಾರ ಸಂಘವನ್ನು ಬೆಳೆಸಿಕೊಂಡಿರುವುದು ಸುಮ್ಮನೆಯಲ್ಲ. ವಿದ್ಯೆಯ ಸಂತೆಯಲ್ಲಿಯೂ ಇದೇ ನ್ಯಾಯ. ಇಂಟೆಲ್ ಕಂಪೆನಿಯೂ ಅದರ ಎದುರಾಳಿಯಾದ ಎಎಮ್‌ಡಿಯೂ ಬೆಂಗಳೂರಿನಲ್ಲಿ ಕಚೇರಿಗಳನ್ನು ಇಟ್ಟಿವೆ. ಎಎಮ್‌ಡಿ 2023ರಲ್ಲಿ ತನ್ನ ಅತಿ ದೊಡ್ಡ ವಿನ್ಯಾಸಕೇಂದ್ರವನ್ನು ಅಲ್ಲಿಯೇ ತೆರೆಯಿತು. ಇಬ್ಬರು ಪೈಪೋಟಿ ಮಾಡುವವರೆಗೆ ಕೆಲಸ ಬಲ್ಲವನಿಗೆ ಬೆಲೆಯುಂಟು.

ಆದುದರಿಂದಲೇ ದಂಡಧರನು ಬೇಕು. ಎನ್‌ವಿಡಿಯಾ ಕಂಪೆನಿಯು 2020ರಲ್ಲಿ ಆರ್ಮ್ ಕಂಪೆನಿಯನ್ನು 4,000 ಕೋಟಿ ಡಾಲರಿಗೆ ಕೊಳ್ಳಹೊರಟಿತು. ಆರ್ಮ್‌ನ ವಿನ್ಯಾಸವನ್ನು ಎನ್‌ವಿಡಿಯಾದ ಎದುರಾಳಿಗಳೂ ನಂಬಿಕೊಂಡಿದ್ದರು. ಅದು ಒಬ್ಬನ ಪಾಲಾದರೆ ಉಳಿದವರ ಗತಿಯೇನೆಂದು ಸರ್ಕಾರಗಳು ತಡೆದವು. 2022ರಲ್ಲಿ ಆ ಪ್ರಯತ್ನ ಮುರಿದುಬಿತ್ತು. ಮತ್ಸ್ಯನ್ಯಾಯಕ್ಕೆ ಮದ್ದು ಇನ್ನೂ ಉಂಟೆಂಬುದಕ್ಕೆ ಇದೇ ನಿದರ್ಶನ.

ಆದರೂ ರಾಜದಂಡವು ಎಲ್ಲ ಮನೆಗಳನ್ನೂ ಕಾಯಲಾರದು. ಬಾಗಿಲ ಮೇಲಣ ಹಲಗೆ ಇಂದು ಒಂದು, ನಾಳೆ ಇನ್ನೊಂದು. ಮಕ್ಕಳನ್ನು ಆ ದಾರಿಗೆ ಕಳುಹಿಸುವ ಮನೆಯವರು ಹಲಗೆಯ ಹೆಸರನ್ನು ಕೇಳುವುದಕ್ಕೆ ಮೊದಲು, ಮಗುವಿನ ತಲೆಯಲ್ಲಿ ಏನು ನಿಂತಿದೆಯೆಂದು ಕೇಳುವುದು ಲೇಸು. ಅದನ್ನು ಯಾರೂ ಕೊಂಡು ಅಳಿಸಲಾರರು.