ಯಾವ ರಸ್ತೇಲಿ ಓಡಿಸ್ತೀರಾ?

ಪಿಯುಸಿ ಪರೀಕ್ಷೆ ಮುಗಿಸಿ ಮನೆಯಲ್ಲಿ ಬಿದ್ದುಕೊಂಡಿದ್ದ ನನ್ನನ್ನು ಸೋದರಮಾವ ಬೆಂಗಳೂರಿನ ಜೆ.ಸಿ. ರಸ್ತೆಯ ತಮ್ಮ ಅಂಗಡಿಯ ಕೌಂಟರಿಗೆ ತಂದು ನಿಲ್ಲಿಸಿದರು. 1986ರ ಬೇಸಿಗೆ. ಎಂಟಡಿ ಅಗಲ, ಮೂವತ್ತಡಿ ಉದ್ದದ ಅಂಗಡಿ. ಬಾಗಿಲಲ್ಲಿ ಫ್ಯಾನ್ ಬೆಲ್ಟುಗಳ ತೋರಣ, ಒಳಗೆ ಹೋದಂತೆ ಬುಷ್ಷು, ಬೇರಿಂಗು, ಬಾಲ್ ಜಾಯಿಂಟು, ಕೊನೆಯ ಕತ್ತಲಲ್ಲಿ ಗೇಬ್ರಿಯಲ್ ಡಬ್ಬಿಗಳ ಸಾಲು. ಟೌನ್‌ಹಾಲಿನಿಂದ ಮಿನರ್ವ ಸರ್ಕಲ್ಲಿನ ತನಕ ಎತ್ತ ನೋಡಿದರೂ ಇಂಥವೇ ಅಂಗಡಿಗಳು. ರವೀಂದ್ರ ಕಲಾಕ್ಷೇತ್ರಕ್ಕೆ ನಾಟಕ ನೋಡಲು ಬಂದವರು ಪರದೆ ಏಳುವ ಮೊದಲು ನಮ್ಮಲ್ಲಿ ಪ್ಲಗ್ಗು ಪಾಯಿಂಟು ಕೊಂಡು ಜೇಬಿಗೆ ಹಾಕಿಕೊಂಡು ಹೋಗಿದ್ದುಂಟು.

ಶಾಕ್ ಅಬ್ಸಾರ್ಬರನ್ನು ಆ ರಸ್ತೆಯಲ್ಲಿ ಯಾರೂ ಅಷ್ಟುದ್ದ ಕರೆಯುತ್ತಿರಲಿಲ್ಲ. ಶಾಕಪ್ಪು. ಶಾಕಪ್ಪು ಕೇಳಿದ ಗಿರಾಕಿಗೆ ಮಾವ ಮೊದಲು ಡಬ್ಬಿ ಇಳಿಸುತ್ತಿರಲಿಲ್ಲ. "ಯಾವ ರಸ್ತೇಲಿ ಓಡಿಸ್ತೀರಾ ಸಾರ್?" ಎನ್ನುತ್ತಿದ್ದರು. ಕನಕಪುರದ ಕಡೆ ತೋಟ ಇದೆ, ವಾರಕ್ಕೆರಡು ಸಲ ಹೋಗಿಬರ್ತೀನಿ ಅಂದವರಿಗೆ ಒಂದು ಉತ್ತರ. ಬಸವನಗುಡಿಯಿಂದ ವಿಧಾನಸೌಧಕ್ಕೆ ಅಂದವರಿಗೆ ಇನ್ನೊಂದು. "ಹಿಂದೆ ಎಷ್ಟು ಜನ ಕೂರ್ತಾರೆ?" ಎಂಬುದು ಎರಡನೆಯ ಪ್ರಶ್ನೆ. ಮೂರನೆಯದು ಕೇಳುವ ಹೊತ್ತಿಗೆ ಅರ್ಧ ಜನಕ್ಕೆ ಹೊಸ ಶಾಕಪ್ಪೇ ಬೇಡ ಎಂದು ಗೊತ್ತಾಗಿ, ನಾಲ್ಕು ಬುಷ್ಷು ಕೊಟ್ಟು ಕಳಿಸುತ್ತಿದ್ದರು. ವ್ಯಾಪಾರ ಗೊತ್ತಿಲ್ಲದ ಮನುಷ್ಯ ಎಂದು ನಾನು ಆಗ ಅಂದುಕೊಂಡಿದ್ದೆ.

ಅವತ್ತಿನ ಕಾರುಗಳು ಬೆರಳೆಣಿಕೆ. ಅಂಬಾಸಿಡರ್, ಮುಂದೆ ಟಾರ್ಷನ್ ಬಾರು, ಹಿಂದೆ ಕಮಾನು ಪಟ್ಟಿ. ಫಿಯೆಟ್, ಮುಂದೆ ಸುರುಳಿ ಸ್ಪ್ರಿಂಗು, ಹಿಂದೆ ಮತ್ತೆ ಪಟ್ಟಿಯೇ. ಹೊಸದಾಗಿ ಬಂದ ಮಾರುತಿಯಲ್ಲಿ ಮುಂದಿನ ಸ್ಪ್ರಿಂಗೂ ಶಾಕಪ್ಪೂ ಒಂದೇ ಕಂಬವಾಗಿ ನಿಂತಿದ್ದವು. 1950ರಲ್ಲೇ ಇಂಗ್ಲೆಂಡಿನ ಫೋರ್ಡ್ ಕಾರುಗಳಿಗೆ ಬಂದಿದ್ದ ಮ್ಯಾಕ್‌ಫರ್ಸನ್ ಸ್ಟ್ರಟ್ ಅದು. ನಮ್ಮ ಮೆಕ್ಯಾನಿಕ್ಕುಗಳಿಗೆ ಮೊದಮೊದಲು ಅದನ್ನು ಕಂಡರೆ ಭಯ. ಸ್ಪ್ರಿಂಗನ್ನು ಬಿಗಿಹಿಡಿದು ಮೇಲಿನ ನಟ್ಟು ಬಿಚ್ಚಬೇಕು, ಹಿಡಿತ ಜಾರಿದರೆ ಹಲ್ಲು ಹೋಗುತ್ತದೆ.

ಕಲಾಸಿಪಾಳ್ಯದ ಕಡೆ ತಿರುಗುವ ಸಂದಿಯೊಂದರಲ್ಲಿ ಶಾಕಪ್ಪು ರಿಪೇರಿ ಮಾಡುವ ಭಾಯ್ ಒಬ್ಬರಿದ್ದರು. ಮಾವ ಕಳಿಸಿದ ಹಳೆಯ ಸರಕನ್ನು ಹೊತ್ತುಕೊಂಡು ಹೋಗಿ ನಾನು ಅಲ್ಲೇ ಸ್ಟೂಲು ಹಾಕಿ ಕೂತುಬಿಡುತ್ತಿದ್ದೆ. ಕಾರ್ಖಾನೆಯಲ್ಲಿ ಬಾಯಿ ಮುಚ್ಚಿ ಬಂದ ಶಾಕಪ್ಪನ್ನು ಅವರು ಲೇತಿಗೆ ಕೊಟ್ಟು ತಲೆ ಕೊಯ್ದು, ಮರೆ ಹಾಕಿಸಿ, ತಿರುಪು ಮುಚ್ಚಳ ಮಾಡಿಕೊಳ್ಳುತ್ತಿದ್ದರು. ಒಳಗಿನ ಎಣ್ಣೆ ಡಾಂಬರಿನಂತೆ ಸುರಿಯುತ್ತಿತ್ತು. ಪಿಸ್ಟನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು, ವಾಲ್ವಿನ ತಗಡಿನ ಬಿಲ್ಲೆಗಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಹೊಸ ಸೀಲು ಕೂರಿಸಿ, ಕೆಮ್ಮಿನ ಔಷಧಿಯ ಬಾಟಲಿಯಲ್ಲಿ ಅಳೆದು ಹೊಸ ಎಣ್ಣೆ ಹುಯ್ಯುತ್ತಿದ್ದರು. ಆಮೇಲೆ ಪರೀಕ್ಷೆ. ಬುಡವನ್ನು ಕಾಲಡಿ ಒತ್ತಿಕೊಂಡು ರಾಡನ್ನು ಕೆಳಕ್ಕೆ ತಳ್ಳುವುದು, ಮೇಲಕ್ಕೆ ಎಳೆಯುವುದು. ತಳ್ಳುವಾಗ ಸಲೀಸು, ಎಳೆಯುವಾಗ ಬಿಗಿ. "ಹೊಂಡಕ್ಕೆ ಬೇಗ ಬಗ್ಗಬೇಕು ಬೇಟಾ, ಎದ್ದೇಳುವಾಗ ನಿಧಾನ ಏಳಬೇಕು. ಸ್ಪ್ರಿಂಗು ಕುದುರೆ, ಇದು ಲಗಾಮು." ಡ್ಯಾಂಪರ್ ಬಗ್ಗೆ ಆಮೇಲೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಂದು ಸೆಮಿಸ್ಟರ್ ಓದಿದೆ. ಇಷ್ಟು ಚೆನ್ನಾಗಿ ಯಾರೂ ಹೇಳಲಿಲ್ಲ.

ತೊಂಬತ್ತರ ದಶಕದಲ್ಲಿ ಗಿರಾಕಿಗಳ ವಯಸ್ಸು ಇಳಿಯಿತು, ಜೊತೆಗೆ ಕಾರುಗಳೂ. 1993ರಲ್ಲಿ ಝೆನ್ ಬಂತು, ಅದರ ಹಿಂದೆಯೇ ಎಸ್ಟೀಮ್. ಶೋಲಾವರಂ ರೇಸಿನ ಕಥೆ ಕೇಳಿ ಬೆಳೆದು, ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ನೋಡಿಕೊಂಡು ಬಂದ ಹುಡುಗರಿಗೆ ಕಾರು ನೆಲಕ್ಕೆ ಹತ್ತಿರ ಕೂತಿರಬೇಕೆಂಬ ಹುಚ್ಚು ಹತ್ತಿತು. ತಮಾಷೆಯೆಂದರೆ ಅದೇ ಅಂಗಡಿಗೆ ರ್‍ಯಾಲಿಯವರೂ ಬರುತ್ತಿದ್ದರು. ಕೆ-1000 ರ್‍ಯಾಲಿ ಓಡಿಸುವವರಿಗೆ ಜಿಪ್ಸಿ ಇನ್ನೂ ಒಂದಿಂಚು ಎತ್ತರ ಬೇಕು, ಝೆನ್ ಹುಡುಗನಿಗೆ ಎರಡಿಂಚು ತಗ್ಗು ಬೇಕು. ಒಂದೇ ಕೌಂಟರಿನ ಎರಡು ತುದಿಯಲ್ಲಿ ಇಬ್ಬರೂ ನಿಂತು ಒಬ್ಬರನ್ನೊಬ್ಬರು ಕನಿಕರದಿಂದ ನೋಡುತ್ತಿದ್ದರು.

ತಗ್ಗಿಸಲು ಆಗ ಒಂದೇ ದಾರಿ, ಗ್ಯಾಸ್ ಕಟ್ಟಿಂಗು. "ಹೊಸ ಸ್ಪ್ರಿಂಗ್ ಯಾಕೆ ಅಣ್ಣ, ಒಂದೂವರೆ ಸುತ್ತು ಹಾರಿಸಿದ್ರೆ ಆಯ್ತು" ಎಂದು ನನ್ನ ಗೆಳೆಯನ ಝೆನ್ನಿಗೆ ಒಬ್ಬ ಹಾರಿಸಿಯೇ ಬಿಟ್ಟ. ಸುತ್ತು ಕಡಿಮೆಯಾದರೆ ಸ್ಪ್ರಿಂಗು ಗಡುಸಾಗುತ್ತದೆ, ಬೆಂಕಿ ತಾಗಿದ ಕಡೆ ಉಕ್ಕಿನ ಹದ ಕೆಡುತ್ತದೆ. ಶಾಕಪ್ಪು ಮಾತ್ರ ಅದೇ ಹಳೆಯದು. ಕುದುರೆ ಬದಲಾಯಿತು, ಲಗಾಮು ಬದಲಾಗಲಿಲ್ಲ. ಪಂಕ್ಚರ್ ಆಯಿತೆಂದು ಲಾಲ್‌ಬಾಗಿನ ಗೇಟಿನ ಎದುರು ಜಾಕ್ ಏರಿಸಿದೆವು. ಸ್ಪ್ರಿಂಗು ಸೀಟು ಬಿಟ್ಟು ಸಡಿಲವಾಗಿ ಆಚೀಚೆ ಅಲ್ಲಾಡುತ್ತಿತ್ತು, ತಿಪಟೂರು ಕಾಯಿಯೊಳಗಿನ ಕೊಬ್ಬರಿ ಗಿಟಕಿನಂತೆ. ಇಳಿಸುವಾಗ ಅದು ಮತ್ತೆ ಜಾಗಕ್ಕೆ ಕೂರಲೆಂದು ಇಬ್ಬರೂ ದೇವರಿಗೆ ಕೈ ಮುಗಿದೆವು.

ಕಾಯಿಲೋವರ್ ಎಂಬ ಪದ ಜೆ.ಸಿ. ರಸ್ತೆಗೆ ಬಂದದ್ದು ಇದಾದ ಎಷ್ಟೋ ವರ್ಷದ ಮೇಲೆ. ಗೊತ್ತಿಲ್ಲದವರು ತಮ್ಮ ಬೈಕಿನ ಹಿಂದಿನ ಶಾಕಪ್ಪನ್ನು ಒಮ್ಮೆ ನೋಡಿಕೊಳ್ಳಿ. ನಡುವೆ ಡ್ಯಾಂಪರು, ಅದರ ಸುತ್ತ ಸ್ಪ್ರಿಂಗು. ಅಷ್ಟೇ. ಕಾರಿನ ಕಿಟ್ಟಿನಲ್ಲಿ ಡ್ಯಾಂಪರಿನ ಮೈಮೇಲೆ ತಿರುಪಿನ ಮರೆ ಇರುತ್ತದೆ, ಸ್ಪ್ರಿಂಗು ಕೂರುವ ಬಳೆಯನ್ನು ಮೇಲೆ ಕೆಳಗೆ ತಿರುಗಿಸಿ ಕಾರಿನ ಎತ್ತರ ಬದಲಿಸಬಹುದು. ತಲೆಯ ಮೇಲೊಂದು ಗುಂಡಿ, ತಿರುಗಿಸಿದರೆ ಕ್ಲಿಕ್ ಕ್ಲಿಕ್ ಎಂದು ಡ್ಯಾಂಪಿಂಗ್ ಬಿಗಿಯಾಗುತ್ತದೆ. ತೈವಾನಿನ ಬಿಸಿ ರೇಸಿಂಗ್‌ನ ಬಿಆರ್ ಸರಣಿಗೆ ಇಂಥ 30 ಹಂತ. ಇದರಲ್ಲಿ ಹತ್ತಕ್ಕೂ ಹನ್ನೊಂದಕ್ಕೂ ಇರುವ ವ್ಯತ್ಯಾಸ ನನ್ನ ಬೆನ್ನಿಗೆ ಇದುವರೆಗೆ ಗೊತ್ತಾಗಿಲ್ಲ.

ಹೊಸ ಅಂಗಡಿಗಳು ಜೆ.ಸಿ. ರಸ್ತೆಯ ಆಚೆ, ಗಾಜಿನ ಬಾಗಿಲು ಹಾಕಿಕೊಂಡು ತೆರೆದವು. ಎಸಿ, ಕಾಫಿ ಮೆಷೀನು, ಗೋಡೆಯ ಮೇಲೆ ಕೆಂಪು ಹಳದಿ ನೀಲಿ ಸ್ಪ್ರಿಂಗುಗಳು. ನಾನು ಹೋದದ್ದು 2017ರಲ್ಲಿ. ಹಿಂದಿನ ವರ್ಷ ಸೆಕೆಂಡ್ ಹ್ಯಾಂಡ್ ಪೋಲೋ ಜಿಟಿ ಟಿಎಸ್‌ಐ ಕೊಂಡಿದ್ದೆ. ಪೋರ್ಷೆ ಕನಸು ಕಂಡು ಸಂಬಳ ನೋಡಿಕೊಂಡವನ ಸ್ಪೋರ್ಟ್ಸ್ ಕಾರು ಅದು. ಬೆಳಿಗ್ಗೆ ಚಾಮರಾಜಪೇಟೆಯಿಂದ ಎಲೆಕ್ಟ್ರಾನಿಕ್ ಸಿಟಿ, ಸಂಜೆ ವಾಪಸ್ಸು, ಭಾನುವಾರ ನಂದಿಬೆಟ್ಟ. ಕೌಂಟರಿನ ಹುಡುಗ ಬಹಳ ವಿನಯದಿಂದ ಕೇಳಿದ, "ಎಷ್ಟು ಎಂಎಂ ಡ್ರಾಪ್ ಬೇಕು ಸಾರ್?"

ಯಾವ ರಸ್ತೆ ಎಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ. ನಲವತ್ತು ಅಂದೆ.

ದುಡ್ಡು ಕಡಿಮೆಯಿತ್ತು, ಆದ್ದರಿಂದ ಪಟ್ಟಿಯಲ್ಲಿ ಅತಿ ಅಗ್ಗದ ಕಿಟ್ಟು ಆರಿಸಿದೆ. ಅಗ್ಗದ್ದು ಎಂದರೂ ಅದೇ ಬೆಲೆಗೆ ಓಡುವ ಸ್ಥಿತಿಯಲ್ಲಿರುವ ಹಳೇ ಮಾರುತಿ 800 ಬರುತ್ತಿತ್ತು. ಯಾವ ಕಂಪನಿ ಎನ್ನುವುದು ಬೇಡ. ಡಬ್ಬಿಯನ್ನು ಮಾವನ ಮನೆಗೆ ಒಯ್ದು ಜಂಬದಿಂದ ಬಿಚ್ಚಿದೆ. ಆಗ ಅವರಿಗೆ ಎಂಬತ್ತರ ಹತ್ತಿರ, ಅಂಗಡಿ ಮಗನ ಕೈಗೆ ಹೋಗಿತ್ತು. ಕನ್ನಡಕ ಏರಿಸಿ ಮುಂದಿನದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದು ಸ್ಟ್ಯಾಂಡರ್ಡ್ ಹೆರಾಲ್ಡ್‌ನಲ್ಲಿ ಇತ್ತು ಕಣೋ" ಅಂದರು. ನನಗೆ ನಗು ಬಂತು. ಆಮೇಲೆ ನೆನಪಾಯಿತು, ನಿಜ. ಅರವತ್ತರ ದಶಕದಿಂದ ಮದರಾಸಿನಲ್ಲಿ ತಯಾರಾಗುತ್ತಿದ್ದ ಆ ಕಾರಿನ ಮುಂದಿನ ಸ್ಪ್ರಿಂಗಿನ ಹೊಟ್ಟೆಯೊಳಗೇ ಡ್ಯಾಂಪರ್ ಇತ್ತು. ಹೆಸರಿಲ್ಲದೆ ಇತ್ತು, ಬಣ್ಣ ಬಳಿದುಕೊಳ್ಳದೆ ಇತ್ತು.

ಮಾವ ಹಿಂದಿನದನ್ನು ಎತ್ತಿಕೊಂಡರು. ಡ್ಯಾಂಪರು ಬೇರೆ, ಸ್ಪ್ರಿಂಗು ಬೇರೆ. "ಇದರಲ್ಲಿ ನಿನ್ನ ಕಾಯಿಲೋವರ್ ಎಲ್ಲಿದೆಯೋ?" ಪೋಲೋದ ಹಿಂದಿನ ಆಕ್ಸಲ್ಲಿನಲ್ಲಿ ಅವೆರಡೂ ಬೇರೆಬೇರೆ ಜಾಗದಲ್ಲಿ ಕೂರುತ್ತವೆ. ಎತ್ತರ ಬದಲಿಸುವುದು ಸ್ಪ್ರಿಂಗಿನ ತುದಿಗೆ ಇಡುವ ತಿರುಪಿನ ಬಿಲ್ಲೆ. ನಾಲ್ಕು ಕಾಯಿಲೋವರಿಗೆ ಕಾಸು ಕೊಟ್ಟವನಿಗೆ ಸಿಕ್ಕಿದ್ದು ಎರಡೇ. ಮೋಸವೇನಲ್ಲ, ಆ ಕಾರೇ ಹಾಗೆ. ಆದರೆ ಹೇಳಲು ಎಂಬತ್ತರ ಮುದುಕ ಬೇಕಾಯಿತು.

ಹಾಕಿಸಿಕೊಂಡ ಮೊದಲ ವಾರ ಸ್ವರ್ಗ. ಕಾರು ಚಿರತೆ ಹೊಂಚು ಹಾಕಿದಂತೆ ಕೂತಿತ್ತು. ಎರಡನೆಯ ವಾರ ಅಮ್ಮನನ್ನು ಜಯನಗರಕ್ಕೆ ಕರೆದುಕೊಂಡು ಹೋದೆ. ಇಳಿದವಳೇ ಸೊಂಟ ಹಿಡಿದುಕೊಂಡು, "ಎತ್ತಿನ ಗಾಡೀಲಿ ಮಾಗಡಿ ಜಾತ್ರೆಗೆ ಹೋಗ್ತಿದ್ವಿ, ಅದೇ ವಾಸಿ" ಅಂದಳು. ನಮ್ಮ ಬೀದಿಯ ಹಂಪು ಒಂದು ಅಳತೆ, ಪಕ್ಕದ ಬೀದಿಯದು ಇನ್ನೊಂದು. ಆಗಿನ ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಯಮದ ಪ್ರಕಾರ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕಿತ್ತು. ಅಷ್ಟು ಅಗಲದ ಹಂಪನ್ನು ಬೆಂಗಳೂರಿನ ಒಳರಸ್ತೆಯಲ್ಲಿ ಕಂಡವರು ನನಗೆ ತಿಳಿಸಬೇಕು. ಸುಮಾರು 16 ಸೆಂಟಿಮೀಟರ್ ಹೊಟ್ಟೆ ಎತ್ತರವಿದ್ದ ಕಾರು ಈಗ 12ಕ್ಕೆ ಇಳಿದಿತ್ತು. ನಾಲ್ವರು ಕೂತರೆ ಕೇಳುವುದೇ ಬೇಡ.

ಹೊಟ್ಟೆ ಉಜ್ಜುವುದನ್ನಾದರೂ ಸಹಿಸಬಹುದಿತ್ತು. ನಿಜವಾದ ತೊಂದರೆ ಕಣ್ಣಿಗೆ ಕಾಣುತ್ತಿರಲಿಲ್ಲ. ತಗ್ಗಿಸಿದಷ್ಟೂ ಚಕ್ರ ಮೇಲೇಳಲು ಇರುವ ಜಾಗ ಕಮ್ಮಿಯಾಗುತ್ತದೆ. ಆ ಜಾಗ ಮುಗಿದ ಕೂಡಲೇ ಬಂಪ್ ಸ್ಟಾಪ್ ರಬ್ಬರಿಗೆ ಗುದ್ದು. ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆ 2010ರಲ್ಲಿ ತೆರೆದಾಗ ನುಣುಪು ಎಂದು ಹೊಗಳಿದ್ದವನು ನಾನೇ. ಈಗ ಅದರ ಪ್ರತಿ ಜಾಯಿಂಟೂ ಬೆನ್ನಿಗೆ ಟಪ್ ಟಪ್ ಎಂದು ಎಣಿಕೆ ಕೊಡುತ್ತಿತ್ತು. ತಿರುವಿನಲ್ಲಿ ಜಾಯಿಂಟ್ ಬಂದರೆ ಹಿಂಭಾಗ ಅರ್ಧ ಅಡಿ ಪಕ್ಕಕ್ಕೆ ಜಿಗಿಯುತ್ತಿತ್ತು. ಸ್ಪೋರ್ಟ್ಸ್ ಸಸ್ಪೆನ್ಷನ್ ಹಾಕಿಸಿಕೊಂಡು ನನ್ನ ಕಾರು ಮೊದಲಿಗಿಂತ ನಿಧಾನವಾಯಿತು.

ಮೃದು ಮಾಡಲು ಬಳೆಯನ್ನು ಸಡಿಲಿಸಿ ನೋಡಿದೆ. ಎಲ್ಲರೂ ಮಾಡುವ ತಪ್ಪು. ಬೈಕಿನಲ್ಲಿ ಡಬಲ್ ಹೋಗುವಾಗ ಶಾಕಪ್ಪಿನ ನಾಚ್ ಏರಿಸುತ್ತೇವಲ್ಲ, ಅದರಿಂದ ಸ್ಪ್ರಿಂಗಿನ ಗಡಸುತನ ಬದಲಾಗುವುದಿಲ್ಲ, ಬೈಕು ಕೂರುವ ಎತ್ತರ ಮಾತ್ರ ಬದಲಾಗುತ್ತದೆ. ಗಡಸುತನ ತಂತಿಯಲ್ಲಿ, ಸುರುಳಿಯ ಅಗಲದಲ್ಲಿ, ಸುತ್ತಿನ ಸಂಖ್ಯೆಯಲ್ಲಿದೆ. 12 ಮಿಲಿಮೀಟರ್ ತಂತಿಯ ಬದಲು 13 ಹಾಕಿದರೆ, ಉಳಿದದ್ದೆಲ್ಲ ಹಾಗೇ ಇದ್ದರೂ, ಗಡಸುತನ ಮೂರನೇ ಒಂದು ಪಾಲಿಗಿಂತ ಹೆಚ್ಚು ಏರಿಬಿಡುತ್ತದೆ. ಇದು ಅಂಗಡಿಯ ಹುಡುಗನಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದೂ ಕೇಳಲಿಲ್ಲ.

ಹದಿನಾಲ್ಕನೇ ತಿಂಗಳಿಗೆ ಹಿಂದಿನ ಎಡ ಡ್ಯಾಂಪರು ಎಣ್ಣೆ ಕಾರಿತು. ಮಾರಿದವರು ಒಂದು ಮಾತ್ರ ಬರುವುದಿಲ್ಲ, ಇಡೀ ಸೆಟ್ ತರಿಸಬೇಕು ಅಂದರು. ಹಳೆಯ ಸಂದಿ ಹುಡುಕಿಕೊಂಡು ಹೋದೆ. ಭಾಯ್ ತೀರಿಕೊಂಡು ಎಷ್ಟೋ ಕಾಲವಾಗಿತ್ತು, ಅವರ ಜಾಗದಲ್ಲಿ ಸೀಟ್ ಕವರ್ ಹೊಲಿಯುತ್ತಿದ್ದರು. ಪಕ್ಕದ ಲೇತಿನವನು ಡ್ಯಾಂಪರನ್ನು ಕೈಯಲ್ಲಿ ತೂಗಿ, "ಇದರಲ್ಲಿ ಗ್ಯಾಸ್ ಐತೆ ಸಾರ್, ಕೊಯ್ಯಕ್ಕಾಗಲ್ಲ" ಅಂದ. ಸರಿಯಾಗಿಯೇ ಹೇಳಿದ. ಮಾನೋಟ್ಯೂಬ್ ಡ್ಯಾಂಪರಿನಲ್ಲಿ ಎಣ್ಣೆಯನ್ನು ಒತ್ತಿ ಹಿಡಿಯುವ ನೈಟ್ರೋಜನ್ 20 ಬಾರ್ ಆಸುಪಾಸಿನಲ್ಲಿರುತ್ತದೆ. ಬ್ಲೇಡು ಇಟ್ಟರೆ ಬಾಂಬು.

ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಪ್ರಕಾರ ಕಾರ್ಖಾನೆ ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದ ಮೇಲೆ ಗಾಜಿನ ಬಾಗಿಲಿನ ಅಂಗಡಿಗಳಲ್ಲಿ ಕೆಲವು ದಿನ ಕಾಫಿ ಮೆಷೀನು ಮಾತ್ರ ಓಡಿತು.

ಕಿಟ್ಟು ಬಿಚ್ಚಿಸಿದೆ. ಕಂಪನಿಯ ಅಳತೆಗೇ ಮಾಡಿದ ಬಿಲ್‌ಸ್ಟೈನ್ ಡ್ಯಾಂಪರು ನಾಲ್ಕು, ಕಾರಿನ ಜೊತೆ ಬಂದಿದ್ದ ಸ್ಪ್ರಿಂಗುಗಳೇ, ಎಲ್ಲ ಬುಷ್ಷು ಹೊಸದು, ಮೇಲಿನ ಮೌಂಟು ಹೊಸದು, ಉಳಿದ ದುಡ್ಡಿಗೆ ಒಳ್ಳೆಯ ಟಯರು. ಬುಷ್ಷುಗಳನ್ನು ಮಾವನ ಅಂಗಡಿಯಲ್ಲೇ ಕೊಂಡೆ, ಮಾವನ ಮಗ ಕಾಸು ತಗೊಂಡ. ಒಟ್ಟು ಖರ್ಚು ಕಾಯಿಲೋವರ್ ಕಿಟ್ಟಿಗಿಂತ ಕಮ್ಮಿ. ಕಾರು ಈಗ ನೋಡಲು ಯಾರ ಪೋಲೋ ಬೇಕಾದರೂ ಆಗಿರಬಹುದು. ನಂದಿಬೆಟ್ಟದ ತಿರುವುಗಳಲ್ಲಿ ಮಾತ್ರ ಹಿಂದೆ ತಗ್ಗಿನಲ್ಲಿದ್ದಾಗಿನದಕ್ಕಿಂತ ಧೈರ್ಯವಾಗಿ ಹೋಗುತ್ತದೆ. ಅಮ್ಮ ಹಿಂದೆ ಕೂತು ನಿದ್ದೆ ಮಾಡುತ್ತಾಳೆ.

ಇಷ್ಟಾದ ಮೇಲೂ ಕಾಯಿಲೋವರ್ ಬೇಕೇಬೇಕು ಎನ್ನುವ ಹುಡುಗರು ನನ್ನ ಆಫೀಸಿನಲ್ಲೇ ನಾಲ್ವರಿದ್ದಾರೆ. ಬೇಡ ಎನ್ನಲು ನಾನ್ಯಾರು. ಹೆಚ್ಚು ಗಡುಸಿಲ್ಲದ ಸ್ಪ್ರಿಂಗನ್ನು ಆರಿಸಿ ಕೊಡುವ, ಒಂದೇ ಡ್ಯಾಂಪರು ಕೆಟ್ಟರೆ ಒಂದನ್ನೇ ತೆರೆದು ಸರಿಮಾಡಿಕೊಡುವ ಕಂಪನಿಯದನ್ನು ತಗೊಳ್ಳಿ, ಎತ್ತರವನ್ನು ಸ್ಪ್ರಿಂಗಿನ ಬಳೆಯಿಂದಲ್ಲದೆ ಬುಡದ ಬ್ರಾಕೆಟ್ಟಿನಿಂದ ಬದಲಿಸುವ ಮಾದರಿಯಾದರೆ ಚಕ್ರದ ಜಾಗ ಉಳಿಯುತ್ತದೆ ಎನ್ನುತ್ತೇನೆ. ಆರ್ಡರ್ ಮಾಡುವ ಮೊದಲು ಒಂದು ಭಾನುವಾರ ಮನೆಯವರನ್ನೆಲ್ಲ ಕಾರಿನಲ್ಲಿ ಕೂರಿಸಿ, ಡಿಕ್ಕಿಗೆ ಎರಡು ಅಕ್ಕಿ ಮೂಟೆ ಹಾಕಿ, ಚಕ್ರದ ನಡುವಿನಿಂದ ಫೆಂಡರಿನ ಅಂಚಿಗೆ ಟೇಪು ಹಿಡಿದು ಅಳೆದುಕೊಳ್ಳಿ. ಆ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಆಮೇಲೆ ಅಂಗಡಿಗೆ ಹೋಗಿ.