ಮಾಂಡವಿಯ ಎರಡು ಹಾಯಿದೋಣಿಗಳು

ಪಣಜಿಯಿಂದ ಪೂರ್ವಕ್ಕೆ ಹಳೆಯ ಗೋವೆಯವರೆಗೆ ಹೋಗಿ, ಅಲ್ಲಿಯ ಕಡವಿನಲ್ಲಿ ಹೊಳೆಯನ್ನು ದಾಟಿದರೆ ದಿವಾಡಿ ಎಂಬ ದ್ವೀಪವು ದೊರೆಯುವುದು. ಯಾತ್ರಿಕರಲ್ಲಿ ಹೆಚ್ಚಿನವರು ಈಚೆಯ ದಡದ ಇಗರ್ಜಿಗಳನ್ನು ನೋಡಿಕೊಂಡು ಹಿಂದಿರುಗುವರು. ಆಚೆಯ ದಡವನ್ನು ಮುಟ್ಟುವವರು ವಿರಳ. ಗದ್ದೆಗಳೂ ಕಾಂಡ್ಲಾ ಗಿಡಗಳೂ ತುಂಬಿದ ಆ ಪ್ರಶಾಂತ ಸ್ಥಳವನ್ನು ನಾವು ನೋಡಬಯಸಿದುದಕ್ಕೆ ಕಾರಣವು ಬೇರೆ. ಭೂಮಂಡಲವನ್ನು ಹಾಯಿಯ ಬಲದಿಂದಲೇ ಸುತ್ತಬೇಕೆಂದು ಹೊರಟ ಎರಡು ದೋಣಿಗಳು ಇಲ್ಲಿಯ ಒಂದೇ ಕಾರ್ಖಾನೆಯಲ್ಲಿ ಹುಟ್ಟಿದುವು.

ಈ ಹೊಳೆಯು ಕನ್ನಡಿಗರಿಗೆ ಪರಕೀಯವಾದುದಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಗೋವೆಯಲ್ಲಿ ಮಾಂಡವಿಯೆನಿಸಿಕೊಂಡು ಪಡುಗಡಲನ್ನು ಸೇರುವುದು. ಎರಡು ದೋಣಿಗಳಲ್ಲಿ ಹಿರಿದಾದುದರ ಹೆಸರೂ 'ಮ್ಹಾದೇಯಿ' ಎಂದೇ. ಕಿರಿದಾದುದರ ಹೆಸರು 'ತುರೀಯ'. ವೇದಾಂತವನ್ನು ಓದಿದವರಿಗೆ ಇದು ಪರಿಚಿತವಾದ ಶಬ್ದವು.

ಮ್ಹಾದೇಯಿಯು 56 ಅಡಿ ಉದ್ದದ ನೌಕೆ. ಒಳಗೆ ಮರ, ಹೊರಗೆ ಗಾಜಿನ ನಾರಿನ ಕವಚ. ಅದೇ ನಕ್ಷೆಯಂತೆ ತರುವಾಯ ಕಟ್ಟಿದ 'ತಾರಿಣಿ'ಯ ಕೂವೆಮರವು 80 ಅಡಿಗೂ ಎತ್ತರವಾಗಿರುವುದೆಂದರೆ ವಾಚಕರು ಗಾತ್ರವನ್ನು ಊಹಿಸಬಹುದು. ತುರೀಯವಾದರೋ 32 ಅಡಿಯ ಪುಟ್ಟ ದೋಣಿ, ಎರಡು ಕೂವೆಮರಗಳುಳ್ಳದ್ದು. ಇದರ ಮಾದರಿಯೂ ನಮ್ಮ ದೇಶದ್ದೇ. ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿಸಿದ 'ಸುಹೈಲಿ' ಎಂಬ ದೋಣಿಯಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಂಬ ಆಂಗ್ಲ ನಾವಿಕರು 1968ರ ಜೂನಿನಲ್ಲಿ ಹೊರಟು, ಎಲ್ಲಿಯೂ ದಡವನ್ನು ಮುಟ್ಟದೆ, 312 ದಿನಗಳಲ್ಲಿ ಒಬ್ಬರೇ ಭೂಪ್ರದಕ್ಷಿಣೆ ಮಾಡಿ 1969ರ ಏಪ್ರಿಲಿನಲ್ಲಿ ಮರಳಿದರು. ಆ ಪಂದ್ಯಕ್ಕೆ ಹೊರಟವರು ಒಂಬತ್ತು ಮಂದಿ; ಮುಗಿಸಿದವರು ಇವರೊಬ್ಬರೇ. ಆ ಸುಹೈಲಿಯ ಪ್ರತಿರೂಪವೇ ತುರೀಯ.

ಹಿರಿದು ಲೇಸೋ, ಕಿರಿದು ಲೇಸೋ? ವೇಗವೊಂದನ್ನೇ ನೋಡುವುದಾದರೆ ಲೆಕ್ಕವು ಸರಳ. ನೀರನ್ನು ಸೀಳಿಕೊಂಡು ನಡೆಯುವ ದೋಣಿಯು ತಾನೇ ಎಬ್ಬಿಸಿದ ಅಲೆಯನ್ನು ಮೀರಿ ಓಡಲಾರದು. ಆ ಅಲೆಯ ಓಟವು ದೋಣಿಯು ನೀರಿನಲ್ಲಿ ಮುಳುಗಿರುವಷ್ಟು ಉದ್ದವನ್ನು ಅವಲಂಬಿಸಿದೆ. ಅಡಿಗಳಲ್ಲಿ ಅಳೆದ ಆ ಉದ್ದದ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಕಡಲಮೈಲಿಯೆಂಬುದು ತಿಳಿಯುವುದು. 25 ಅಡಿಗೆ 6.7, 49 ಅಡಿಗೆ 9.4. ಗಂಟೆಗೆ ಎರಡೂಮುಕ್ಕಾಲು ಮೈಲಿಯೆಂದರೆ ಅಲ್ಪವೆನಿಸಬಹುದು. ತಿಂಗಳುಗಟ್ಟಲೆ ಹಗಲಿರುಳು ಸಾಗುವ ಪಯಣದಲ್ಲಿ ಅದು ಬೆಟ್ಟದಷ್ಟಾಗುವುದು. ನೌಕಾಸೇನೆಯ ಅಭಿಲಾಷ್ ಟೋಮಿಯವರು ಮ್ಹಾದೇಯಿಯಲ್ಲಿ 2012ರ ನವೆಂಬರ್ 1ರಂದು ಮುಂಬಯಿಯಿಂದ ಒಬ್ಬರೇ ಹೊರಟು, ಎಲ್ಲಿಯೂ ನಿಲ್ಲದೆ, 2013ರ ಮಾರ್ಚ್ ಅಂತ್ಯಕ್ಕೆ ಹಿಂದಿರುಗಿದರು. ಐದೇ ತಿಂಗಳು! ದಾರಿಯು ಬೇರೆಯಾದುದರಿಂದ ಸುಹೈಲಿಯ 312 ದಿನಗಳೊಡನೆ ಇದನ್ನು ನೇರವಾಗಿ ಹೋಲಿಸಲಾಗದಾದರೂ ಅಂತರವು ಕಣ್ಣಿಗೆ ಹೊಡೆಯುವುದು.

ವಾಸಕ್ಕೂ ಹಿರಿಯ ದೋಣಿಯೇ ಸುಖಕರ. ನೀರು, ದಿನಸಿ, ಹಾಸಿಗೆಗಳಿಗೆ ಸ್ಥಳವುಂಟು, ಓಲಾಟವೂ ಕಡಿಮೆ. 2017-18ರಲ್ಲಿ ವರ್ತಿಕಾ ಜೋಶಿಯವರ ನಾಯಕತ್ವದಲ್ಲಿ ಆರು ಮಂದಿ ಮಹಿಳೆಯರು ತಾರಿಣಿಯಲ್ಲಿ ಭೂಪ್ರದಕ್ಷಿಣೆ ಮಾಡಿ ಬಂದರು. ಇಂತಹ ದೋಣಿಗಳಲ್ಲಿ ಒಲೆಯನ್ನು ತೊಟ್ಟಿಲಂತೆ ತೂಗಾಡುವ ಹಾಗೆ ಇಟ್ಟಿರುವರು. ದೋಣಿಯು ಎತ್ತ ವಾಲಿದರೂ ಪಾತ್ರೆಯು ನೆಟ್ಟಗೇ ಇರುವುದು. ಆದರೂ ಆ ಅಡಿಗೆಯು ಎಂತಹ ಸಾಹಸವೆಂಬುದನ್ನು ನಮ್ಮ ಗೃಹಿಣಿಯರು ನಮಗಿಂತಲೂ ಚೆನ್ನಾಗಿ ಬಲ್ಲರು.

ಆದರೆ ಒಬ್ಬನೇ ಇರುವಲ್ಲಿ ದೊಡ್ಡ ಮನೆಯ ಕಸ ಗುಡಿಸುವುದೂ ದೊಡ್ಡ ಕೆಲಸವಷ್ಟೆ. ಎಂಬತ್ತು ಅಡಿಯ ಕೂವೆಯ ಹಾಯಿಯನ್ನು ಬಿರುಗಾಳಿಯಲ್ಲಿ ಒಬ್ಬನು ಇಳಿಸಬೇಕಾದರೆ ತೋಳಿನ ಬಲವೂ ಸಮಯವೂ ಬೇಕು. ಪುಟ್ಟ ದೋಣಿಯಲ್ಲಿ ಎಲ್ಲವೂ ಕೈಗೆಟಕುವುದು. ವೆಚ್ಚವೂ ಮಿತ, ಇದ್ದವರೂ ಇಲ್ಲದವರೂ ಸಮನಾಗಿ ಸೆಣಸಬಹುದು. 2018ರಲ್ಲಿ ಗೋಲ್ಡನ್ ಗ್ಲೋಬ್ ಪಂದ್ಯವನ್ನು ಪುನಃ ನಡೆಸಿದವರು 32ರಿಂದ 36 ಅಡಿಯ ಹಳೆಯ ಬಗೆಯ ದೋಣಿಗಳೇ ಆಗಬೇಕೆಂದೂ, ಸೂರ್ಯನಕ್ಷತ್ರಗಳನ್ನು ಅಳೆದೇ ದಾರಿ ಹಿಡಿಯಬೇಕೆಂದೂ ವಿಧಿಸಿದರು. ಪಂದ್ಯವೆಂದ ಮೇಲೆ ಹಣವಲ್ಲ, ನಾವಿಕನೇ ಗೆಲ್ಲಬೇಕೆಂಬುದು ನಮಗೂ ಒಪ್ಪಿಗೆಯೇ.

ಟೋಮಿಯವರು ಈ ಪಂದ್ಯಕ್ಕೆ ತುರೀಯದಲ್ಲಿ ಹೊರಟರು. ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದಲ್ಲಿ, ಆಸ್ಟ್ರೇಲಿಯದ ಪರ್ತ್ ನಗರಕ್ಕೆ ಸುಮಾರು 1,900 ಕಡಲಮೈಲಿ ದೂರದಲ್ಲಿ, ಚಂಡಮಾರುತವು ಎರಗಿತು. ಅಲೆಗಳ ಎತ್ತರವು 14 ಮೀಟರು, ಎಂದರೆ ದೋಣಿಯ ಉದ್ದಕ್ಕಿಂತಲೂ ಹೆಚ್ಚು! ತುರೀಯವು ಮಗುಚಿತು; ಕೂವೆಮರಗಳು ಮುರಿದುವು; ಟೋಮಿಯವರ ಬೆನ್ನೆಲುಬು ಜಖಂಗೊಂಡಿತು. ಎದ್ದು ನಡೆಯಲಾರದೆ ಮೂರು ದಿನ ಅವರು ದೋಣಿಯೊಳಗೆ ಮಲಗಿದ್ದರು. ಸಹಸ್ಪರ್ಧಿಯಾದ ಐರಿಷ್ ನಾವಿಕರೊಬ್ಬರು, ತಮ್ಮ ಕೂವೆಮರಗಳೂ ಮುರಿದಿದ್ದಾಗ್ಯೂ, ಇವರ ಕಡೆಗೆ ದೋಣಿಯನ್ನು ತಿರುಗಿಸಿದರು. 24ರಂದು 'ಒಸಿರಿಸ್' ಎಂಬ ಫ್ರೆಂಚ್ ಹಡಗು ಬಂದು ಟೋಮಿಯವರನ್ನು ಎತ್ತಿಕೊಂಡಿತು. ತುರೀಯವನ್ನು ಅಲ್ಲಿಯೇ ಬಿಟ್ಟುಬರಬೇಕಾಯಿತು.

56 ಅಡಿಯ ದೋಣಿಯಾಗಿದ್ದರೆ ಉಳಿಯುತ್ತಿತ್ತೇ? ಒಡೆದು ಬೀಳುವ ಅಲೆಯು ಪಕ್ಕಕ್ಕೆ ಬಡಿದಾಗ ದೋಣಿಯು ಉದ್ದವಾಗಿದ್ದಷ್ಟೂ ಅದನ್ನು ಮಗುಚುವುದು ಕಠಿಣವೆಂಬುದು ನಿಜ. ಆದರೆ 14 ಮೀಟರಿನ ಅಲೆಗೆ 56 ಅಡಿಯೂ ದೊಡ್ಡದಲ್ಲ. ಮನೆಮಂದಿಯೊಡನೆ ದೂರ ಸಾಗುವವರಿಗೆ ನಾವು ಹಿರಿಯ ದೋಣಿಯನ್ನೇ ಹೇಳುವೆವು. ಒಂಟಿಯಾಗಿ ಪಂದ್ಯಕ್ಕೆ ಹೋಗುವವರು ನಮ್ಮನ್ನು ಕೇಳಲಾರರು.

ಟೋಮಿಯವರಂತೂ ಕೇಳಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಅದೇ ಪಂದ್ಯಕ್ಕೆ, ಈ ಸಲ 'ಬಯಾನತ್' ಎಂಬ 36 ಅಡಿಯ ದೋಣಿಯಲ್ಲಿ, ಮತ್ತೆ ಹೊರಟರು. 236 ದಿನಗಳ ತರುವಾಯ, 2023ರ ಏಪ್ರಿಲ್ 29ರಂದು, ಫ್ರಾನ್ಸಿನ ಲೆ ಸಾಬ್ಲ್ ದೊಲೊನ್ ಬಂದರನ್ನು ಎರಡನೆಯವರಾಗಿ ಸೇರಿದರು. ಮೊದಲು ಬಂದವರು ದಕ್ಷಿಣ ಆಫ್ರಿಕದ ಕರ್ಸ್ಟನ್ ನಾಯ್‌ಶೇಫರ್ ಎಂಬ ಮಹಿಳೆ. ಅವರ ದೋಣಿಯೂ 36 ಅಡಿಯದೇ.