ಅಪ್ಪಯ್ಯನ ಮೈಲುತುತ್ತು, ನನ್ನ ಫ್ಲೂ ಲಸಿಕೆ

ಮಳೆಗಾಲ ಹತ್ತಿರ ಬಂತೆಂದರೆ ನಮ್ಮ ಕನ್ನಡ ಸಂಘದ ತಿಂಗಳ ಸಭೆಯಲ್ಲಿ, ಕಾರ್ಯಕ್ರಮ ಮುಗಿದು ಕಾಫಿ ಕುಡಿಯುವ ಹೊತ್ತಿಗೆ, ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಈ ಫ್ಲೂ ಇಂಜೆಕ್ಷನ್ ಹಾಕಿಸಿಕೊಂಡರೆ ನಿಜಕ್ಕೂ ಉಪಯೋಗ ಇದೆಯಾ?” ಕೂಡಲೇ ಹತ್ತು ಉತ್ತರ ಬರುತ್ತವೆ. ಒಬ್ಬರಿಗೆ ಹಾಕಿಸಿಕೊಂಡ ವಾರದಲ್ಲೇ ಜ್ವರ ಬಂದಿತ್ತಂತೆ. ಇನ್ನೊಬ್ಬರು ಇಪ್ಪತ್ತು ವರ್ಷದಿಂದ ಏನೂ ಹಾಕಿಸಿಕೊಳ್ಳದೆ ಗಟ್ಟಿಮುಟ್ಟಾಗಿದ್ದಾರಂತೆ. ಮತ್ತೊಬ್ಬರು ಶುಂಠಿ, ಮೆಣಸಿನ ಕಷಾಯದ ಪರ.

ನಾನು ಡಾಕ್ಟರಲ್ಲ. ಪುಣೆಯ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಂಡು ಇಪ್ಪತ್ತಾರು ವರ್ಷ ಕಳೆದವಳು. ಎರಡು ವರ್ಷದ ಹಿಂದಿನವರೆಗೂ ಈ ಮಾತು ಬಂದಾಗ ನಾನು ಕಷಾಯದ ಪಕ್ಷದಲ್ಲೇ ಇದ್ದೆ. ಈಗ ಇಲ್ಲ. ಯಾಕೆ ಇಲ್ಲ ಎನ್ನುವುದನ್ನು ಬರೆಯಬೇಕು ಅನ್ನಿಸಿತು.

2023ರ ಏಪ್ರಿಲ್‌ನಲ್ಲಿ ನಮ್ಮ ಆಫೀಸಿನಲ್ಲೇ ಫ್ಲೂ ಲಸಿಕೆಯ ಶಿಬಿರ ಇತ್ತು. ದುಡ್ಡು ಕೊಡುವ ಹಾಗೂ ಇರಲಿಲ್ಲ. ಎರಡನೇ ಮಹಡಿಗೆ ಇಳಿದು ಹೋದರೆ ಹತ್ತು ನಿಮಿಷದ ಕೆಲಸ. ಹಣಕಾಸು ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ನೆಗಡಿ ಜ್ವರಕ್ಕೆ ಇಷ್ಟೆಲ್ಲ ಯಾಕೆ ಎಂಬ ಅಸಡ್ಡೆ ಬೇರೆ. ಹೋಗಲಿಲ್ಲ.

ಅಮ್ಮ ತೀರಿಕೊಂಡ ಮೇಲೆ ಮಳೆಗಾಲದ ಎರಡು ತಿಂಗಳು ಅಪ್ಪಯ್ಯ ನಮ್ಮಲ್ಲಿಗೆ ಬಂದು ಇರುವುದು ರೂಢಿಯಾಗಿದೆ. ಸಾಗರದ ಹತ್ತಿರ ನಮ್ಮ ಊರು, ಎರಡು ಎಕರೆ ಅಡಕೆ ತೋಟ. ಜುಲೈನಲ್ಲಿ ಎರಡನೇ ಸಲ ಔಷಧಿ ಹೊಡೆಸಿ, ತಮ್ಮನಿಗೆ ತೋಟ ಒಪ್ಪಿಸಿ ಬಂದರು. ಆಗ ಅವರಿಗೆ ಎಪ್ಪತ್ನಾಲ್ಕು. ಬಿಪಿ, ಸಕ್ಕರೆ ಎರಡಕ್ಕೂ ಮಾತ್ರೆ. ಆಗಸ್ಟ್ ಎರಡನೇ ವಾರ ನನಗೆ ಜ್ವರ ಬಂತು. ಒಂದು ದಿನದಲ್ಲೇ ನೂರಾಮೂರು. ಮೈಯೆಲ್ಲ ಒನಕೆಯಲ್ಲಿ ಕುಟ್ಟಿದ ಹಾಗೆ ನೋವು. ನಾಲ್ಕು ದಿನ ಮಲಗಿ ಎದ್ದೆ. ಜ್ವರ ಏರುವ ಹಿಂದಿನ ಸಂಜೆ ಅಪ್ಪಯ್ಯನ ಪಕ್ಕದಲ್ಲಿ ಕೂತು ಒಂದೇ ತಟ್ಟೆಯಿಂದ ಮಂಡಕ್ಕಿ ತಿಂದಿದ್ದೆ. ಮೂರನೇ ದಿನ ಅವರಿಗೂ ಶುರುವಾಯಿತು.

ನನಗೆ ನಾಲ್ಕು ದಿನದಲ್ಲಿ ಹೋದದ್ದು ಅವರಿಗೆ ಹೋಗಲಿಲ್ಲ. ಐದನೇ ದಿನ ಏದುಸಿರು. ಕೋವಿಡ್ ಕಾಲದಲ್ಲಿ ತಂದಿಟ್ಟಿದ್ದ ಆಕ್ಸಿಮೀಟರ್ ಬೆರಳಿಗೆ ಹಾಕಿದರೆ ಎಂಬತ್ತೆಂಟು. ಆಸ್ಪತ್ರೆಗೆ ಒಯ್ದೆವು. ಪರೀಕ್ಷೆಯಲ್ಲಿ ಇನ್‌ಫ್ಲುಯೆಂಜಾ ಎ ಎಂದು ಬಂತು, ಎಕ್ಸ್‌ರೇಯಲ್ಲಿ ನ್ಯುಮೋನಿಯಾ. ಆರು ದಿನ ಆಮ್ಲಜನಕ, ಅದರಲ್ಲಿ ಎರಡು ರಾತ್ರಿ ಐಸಿಯು. ಆ ಎರಡು ರಾತ್ರಿ ಹೊರಗಿನ ಕುರ್ಚಿಯಲ್ಲಿ ಕೂತು ನಾನು ನೆನೆದದ್ದು ದೇವರನ್ನಲ್ಲ, ಎರಡನೇ ಮಹಡಿಯ ಆ ಹತ್ತು ನಿಮಿಷವನ್ನು.

ಲಸಿಕೆ ಹಾಕಿಸಿಕೊಂಡಿದ್ದರೆ ನನಗೆ ಜ್ವರವೇ ಬರುತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ. ಅದನ್ನೇ ಡಿಸ್ಚಾರ್ಜ್ ದಿನ ಡಾಕ್ಟರನ್ನು ಕೇಳಿದೆ. ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕೂರಿಸಿಕೊಂಡು ಲೆಕ್ಕ ಹೇಳಿದರು. ಆಮೇಲೆ ನಾನೂ ಓದಿದೆ. ಇನ್‌ಫ್ಲುಯೆಂಜಾ ವೈರಸ್ಸು ವೇಷ ಬದಲಿಸುತ್ತಲೇ ಇರುತ್ತದೆ. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಫೆಬ್ರವರಿಯಲ್ಲಿ ಉತ್ತರಾರ್ಧಗೋಳಕ್ಕೆ, ಸೆಪ್ಟೆಂಬರಿನಲ್ಲಿ ದಕ್ಷಿಣಾರ್ಧಗೋಳಕ್ಕೆ, ಮುಂದಿನ ಲಸಿಕೆಯಲ್ಲಿ ಯಾವ ತಳಿಗಳಿರಬೇಕೆಂದು ತಿಳಿಸುತ್ತದೆ. ಅದು ತಿಂಗಳುಗಳ ಮುಂಚೆ ಹಾಕುವ ಅಂದಾಜು. ಅಂದಾಜು ಕೂಡಿಬಂದ ವರ್ಷ ಫ್ಲೂ ಬಂದು ಡಾಕ್ಟರ ಬಳಿ ಹೋಗುವ ಸಂಭವ ನೂರಕ್ಕೆ ನಲವತ್ತರಿಂದ ಅರವತ್ತರಷ್ಟು ತಗ್ಗುತ್ತದೆ. ತಪ್ಪಿದ ವರ್ಷ ಇನ್ನೂ ಕಡಿಮೆ: 2014-15ರ ಚಳಿಗಾಲದಲ್ಲಿ ಅಮೆರಿಕದಲ್ಲಿ ಅದು ಇಪ್ಪತ್ತರ ಆಸುಪಾಸಿಗೆ ಇಳಿದಿತ್ತು. ವಯಸ್ಸಾದವರ ಮೈಯಲ್ಲಿ ಲಸಿಕೆ ಎಳೆಯರಲ್ಲಿ ಮಾಡಿದಷ್ಟು ಕೆಲಸ ಮಾಡುವುದೂ ಇಲ್ಲ.

ಇಷ್ಟನ್ನೇ ಕೇಳಿದರೆ ಯಾರಾದರೂ “ಮತ್ತೆ ಯಾಕೆ ಹಾಕಿಸಿಕೊಳ್ಳಬೇಕು?” ಅನ್ನುತ್ತಾರೆ. ನಾನೂ ಅಂದೆ. ಅದಕ್ಕೆ ಡಾಕ್ಟರು, “ಜ್ವರ ಬರುತ್ತದೋ ಇಲ್ಲವೋ ಎನ್ನುವುದನ್ನು ಮಾತ್ರ ಕೇಳಬೇಡಿ. ಬಂದರೆ ಎಷ್ಟು ಆಳಕ್ಕೆ ಇಳಿಯುತ್ತದೆ ಎನ್ನುವುದನ್ನೂ ಕೇಳಿ” ಎಂದರು. ಲಸಿಕೆ ಹಾಕಿಸಿಕೊಂಡವರಿಗೆ ಫ್ಲೂ ಬಂದರೂ ಆಸ್ಪತ್ರೆ, ಐಸಿಯು ಎಂದು ಹೋಗುವ ಸಂಭವ ಕಡಿಮೆ. ಇನ್ನೊಂದು ಸಂಗತಿ ನನಗೆ ಹೊಸದು. ಫ್ಲೂ ಶ್ವಾಸಕೋಶಕ್ಕಷ್ಟೇ ಅಲ್ಲ, ಹೃದಯಕ್ಕೂ ಕುತ್ತು. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಫ್ಲೂ ದೃಢಪಟ್ಟ ಮೊದಲ ಏಳು ದಿನ ಹೃದಯಾಘಾತದ ಸಂಭವ ಉಳಿದ ದಿನಗಳ ಆರು ಪಟ್ಟು ಇತ್ತು. ಬಿಪಿ, ಸಕ್ಕರೆ ಇರುವ ಎಪ್ಪತ್ನಾಲ್ಕರ ತಂದೆಯ ಮಗಳಿಗೆ ಈ ಒಂದು ಲೆಕ್ಕ ಸಾಕಾಯಿತು.

ನನಗೆ ಸಾಕಾಯಿತು, ಅಪ್ಪಯ್ಯನಿಗೆ ಸಾಕಾಗಲಿಲ್ಲ.

“ಕೂಸೇ, ಪ್ರತಿ ವರ್ಷ ಚುಚ್ಚಿಸ್ಕಬೇಕು ಅಂದ್ರೆ ಅದು ಎಂಥ ಲಸಿಕೆ? ಸಿಡುಬಿಗೆ ಚಿಕ್ಕಂದಿನಲ್ಲಿ ಹಾಕಿದ್ರು, ಸಿಡುಬೇ ಊರು ಬಿಟ್ಟು ಹೋತು.”

ಅವರ ಅಪನಂಬಿಕೆಗೆ ಕಾರಣ ಇತ್ತು. ಪುಣೆ ಎಂದರೆ ಅಪ್ಪಯ್ಯನಿಗೆ ಮೊದಲು ನೆನಪಾಗುವುದು ಶನಿವಾರವಾಡೆಯಲ್ಲ, ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಊರವರು ಜ್ವರದಲ್ಲಿ ಮಲಗಿದಾಗ, ಆ ವೈರಸ್ಸನ್ನು ಪತ್ತೆ ಮಾಡಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. 1952ರಲ್ಲಿ ಶುರುವಾದ ಆ ಕೇಂದ್ರವೇ ಇವತ್ತಿನ ಎನ್‌ಐವಿ. ಜೀಪಿನಲ್ಲಿ ಪುಣೆಯವರು ಬಂದರು ಎಂದು ಹಿರಿಯರು ಆಡಿಕೊಳ್ಳುತ್ತಿದ್ದದ್ದು ಅಪ್ಪಯ್ಯನಿಗೆ ಈಗಲೂ ನೆನಪಿದೆ. ಮುಂದೆ ಆ ಕಾಯಿಲೆಗೂ ಲಸಿಕೆ ಬಂತು. ತಿಂಗಳ ಅಂತರದಲ್ಲಿ ಎರಡು ಡೋಸು, ಆಮೇಲೆ ಬೂಸ್ಟರು, ಮತ್ತೆ ವರ್ಷ ವರ್ಷ. ತೋಳು ಎತ್ತಲಾಗದಷ್ಟು ನೋವು. ಅಪ್ಪಯ್ಯ ತಪ್ಪದೆ ಹಾಕಿಸಿಕೊಂಡವರು. ಆದರೆ 2018-19ರ ಹಂಗಾಮಿನಲ್ಲಿ ನಮ್ಮದೇ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳಾದವು. ಲಸಿಕೆಯ ಪರಿಣಾಮ ಸಾಲದೆಂದು 2022ರಲ್ಲಿ ಅದನ್ನು ಕೊಡುವುದನ್ನೇ ನಿಲ್ಲಿಸಿದರು. “ಇಷ್ಟು ವರ್ಷ ಚುಚ್ಚಿಸ್ಕಂಡಿದ್ದು ಎಂಥಕ್ಕೆ ಹಾಗಾದ್ರೆ?” ಎಂದು ಅವರು ಕೇಳಿದರೆ ನನ್ನ ಬಳಿ ಉತ್ತರ ಇರಲಿಲ್ಲ. ಒಂದು ಲಸಿಕೆ ಸೋತದ್ದನ್ನು ಕಂಡವರಿಗೆ ಇನ್ನೊಂದರ ಮೇಲೆ ನಂಬಿಕೆ ಇಡಿ ಎಂದು ಹೇಳುವುದು ಸುಲಭವಲ್ಲ.

ಅವರಿಗೆ ಇನ್ನೊಂದು ಅನುಮಾನವೂ ಇತ್ತು. “ಮೊಟ್ಟೆಯಲ್ಲಿ ಬೆಳೆಸ್ತಾರಂತಲ್ಲ?” ಹೌದು, ಹೆಚ್ಚಿನ ಫ್ಲೂ ಲಸಿಕೆಗಳಿಗೆ ವೈರಸ್ಸನ್ನು ಕೋಳಿಮೊಟ್ಟೆಯಲ್ಲೇ ಬೆಳೆಸುತ್ತಾರೆ. ಮುಚ್ಚಿಡಲಿಲ್ಲ. ಮಂಗನ ಕಾಯಿಲೆಯ ಲಸಿಕೆಯೂ ಕೋಳಿಯ ಭ್ರೂಣದ ಜೀವಕೋಶದಲ್ಲೇ ತಯಾರಾಗುತ್ತಿತ್ತು ಎಂದೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಔಷಧಕ್ಕೆ ದೋಷ ಇಲ್ಲೆ ಬಿಡು” ಅಂದರು. ಆದರೆ ಹಾಕಿಸಿಕೊಳ್ಳುತ್ತೇನೆ ಅನ್ನಲಿಲ್ಲ.

2024ರ ಮೇ ಕೊನೆಯಲ್ಲಿ ರಜೆ ಹಾಕಿ ಊರಿಗೆ ಹೋದೆ. ಅಂಗಳದಲ್ಲಿ ಡ್ರಮ್ಮು ಇಟ್ಟುಕೊಂಡು ಮೈಲುತುತ್ತು ಕರಗಿಸುತ್ತಿದ್ದರು. ಇನ್ನೊಂದು ಬಕೇಟಿನಲ್ಲಿ ಸುಣ್ಣದ ನೀರು. ಎರಡೂ ಬೆರೆಸಿ, ಹದ ನೋಡಿ, ಕೊನೆಗಾರ ಮರ ಹತ್ತಿ ಗೊನೆಗೊನೆಗೆ ಹೊಡೆಯಬೇಕು. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ಕೊಳೆರೋಗ ಬಂದ ಮೇಲೆ ಹೊಡೆದು ಪ್ರಯೋಜನವಿಲ್ಲ, ಮಳೆ ಹಿಡಿಯುವ ಮುಂಚೆ ಹೊಡೆಯಬೇಕು. ಮಳೆ ತೊಳೆದುಬಿಡುವುದರಿಂದ ನಲವತ್ತು-ನಲವತ್ತೈದು ದಿನಕ್ಕೆ ಮತ್ತೊಮ್ಮೆ. ಹೊಡೆದ ಮೇಲೂ ಜಡಿಮಳೆಯ ವರ್ಷ ಒಂದಷ್ಟು ಅಡಕೆ ಉದುರುವುದೇ. ಮುಂದಿನ ವರ್ಷ ಮತ್ತೆ ಮೊದಲಿನಿಂದ.

“ಅಪ್ಪಯ್ಯ, ಹೋದ ವರ್ಷ ಹೊಡೆದಿದ್ರಿ. ಮತ್ತೆ ಯಾಕೆ?” ಎಂದು ಕೇಳಿದೆ.

“ಹೋದ ವರ್ಷದ್ದು ಹೋದ ವರ್ಷಕ್ಕೆ ಆತು.”

“ಹೊಡೆದ್ರೂ ಉದುರ್ತಲ್ಲ?”

“ಹೊಡೀದೇ ಇದ್ರೆ ಗೊನೆಯೇ ಉಳೀತಿರಲಿಲ್ಲೆ” ಎಂದವರು ಕಡೆಯುತ್ತಿದ್ದ ಕೋಲು ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಎಲ್ಲಿಗೆ ಬರುತ್ತಿದ್ದೇನೆಂದು ಗೊತ್ತಾಗಿತ್ತು. ನಗು ತಡೆದುಕೊಂಡು, “ನೀ ಲೆಕ್ಕದವಳು, ನಿನ್ನ ಹತ್ತಿರ ಮಾತಾಡದು ಕಷ್ಟ” ಅಂದರು. ಎರಡು ದಿನ ಬಿಟ್ಟು ಸಾಗರಕ್ಕೆ ಹೋಗಿ ಇಬ್ಬರೂ ಹಾಕಿಸಿಕೊಂಡು ಬಂದೆವು. ಒಬ್ಬರಿಗೆ ಎರಡು ಸಾವಿರದ ಹತ್ತಿರ ಆಯಿತು. ಅವರಿಗೆ ಒಂದು ದಿನ ತೋಳುನೋವು, ನನಗೆ ಅದೂ ಇಲ್ಲ.

ಕಥೆ ಇಲ್ಲಿಗೆ ಮುಗಿದು ಎಲ್ಲ ಸುಖವಾಯಿತು ಎನ್ನಲಾರೆ. ಆ ವರ್ಷ ಸೆಪ್ಟೆಂಬರಿನಲ್ಲಿ, ಗಣಪತಿ ಹಬ್ಬದ ಜನಜಂಗುಳಿ ಮುಗಿದ ಮೇಲೆ, ನಮ್ಮ ಪುಣೆಯ ಮನೆಯಲ್ಲಿ ಅಪ್ಪಯ್ಯನಿಗೆ ಮತ್ತೆ ಜ್ವರ ಬಂತು. ನನ್ನ ಕೈಕಾಲು ತಣ್ಣಗಾಯಿತು. ಮೂರು ದಿನ ಗಂಜಿ ಕುಡಿದರು, ಕೆಮ್ಮಿದರು. ನಾಲ್ಕನೇ ದಿನ ಬೆಳಿಗ್ಗೆ ಎದ್ದು ಬಾಲ್ಕನಿಯ ಗಿಡಗಳಿಗೆ ನೀರು ಹಾಕುತ್ತಿದ್ದರು. ಅದು ಫ್ಲೂ ಹೌದೋ ಅಲ್ಲವೋ, ಲಸಿಕೆಯಿಂದಲೇ ಹಗುರವಾಯಿತೋ ಇಲ್ಲವೋ, ಸಾಬೀತು ಮಾಡಲು ನನ್ನಿಂದ ಆಗದು. ನನ್ನ ವೃತ್ತಿಯಲ್ಲಿ ಖರ್ಚಾದದ್ದಕ್ಕೆ ರಸೀದಿ ಇರುತ್ತದೆ, ಉಳಿದದ್ದಕ್ಕೆ ಇರುವುದಿಲ್ಲ. 2023ರ ಆಸ್ಪತ್ರೆಯ ಒಂದು ಲಕ್ಷ ಎಂಬತ್ತು ಸಾವಿರದ ರಸೀದಿ ಕಡತದಲ್ಲಿದೆ. 2024ರದ್ದು ಯಾವುದೂ ಇಲ್ಲ.

ಹಾಗಾಗಿ ಸಂಘದಲ್ಲಿ ಕೇಳುವವರಿಗೆ ನಾನು ಈಗ ಹೇಳುವುದು ಇಷ್ಟು. ಅರವತ್ತೈದು ದಾಟಿದವರು, ಸಕ್ಕರೆ, ಹೃದಯ, ಆಸ್ತಮಾ, ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು, ಎಳೆಯ ಮಕ್ಕಳು ಮನೆಯಲ್ಲಿದ್ದರೆ ನಿಮ್ಮ ಡಾಕ್ಟರನ್ನು ಕೇಳಿ. ಕೇಳುವುದಾದರೆ ಮಳೆಗೆ ಮುಂಚೆ ಕೇಳಿ. ಮೈಯಲ್ಲಿ ರಕ್ಷಣೆ ಕೂಡಿಬರಲು ಎರಡು ವಾರ ಬೇಕು, ಮತ್ತು ನಮ್ಮ ಕಡೆ ಫ್ಲೂ ಜೋರಾಗುವುದು ಹೆಚ್ಚಾಗಿ ಜುಲೈನಿಂದ ಸೆಪ್ಟೆಂಬರ್‌ವರೆಗೆ. ದೆಹಲಿ ಕಡೆಯ ಸ್ನೇಹಿತರಿಗೆ ಚಳಿಗಾಲದಲ್ಲಿ ಇನ್ನೊಂದು ಸುತ್ತು ಇರುತ್ತದೆ. ಹಿಂದೆ ಲಸಿಕೆಯಿಂದ ತೀವ್ರ ಅಲರ್ಜಿಯಾಗಿದ್ದರೆ ಮುಚ್ಚಿಡದೆ ಹೇಳಿ. ಇಂಜೆಕ್ಷನ್ನಿನಲ್ಲಿರುವುದು ಸತ್ತ ವೈರಸ್ಸಿನ ಅಂಶ. ಅದರಿಂದ ಫ್ಲೂ ಬರುವುದಿಲ್ಲ. ಆ ವಾರ ಜ್ವರ ಬಂದರೆ ಅದು ಬೇರೆ ಯಾವುದೋ ವೈರಸ್ಸು, ಇಲ್ಲವೇ ಒಂದೆರಡು ದಿನದ ಸಣ್ಣ ಮೈಕಾವು. ನಿಮಗೆ ಮೂವತ್ತೈದು ವಯಸ್ಸು, ಗಟ್ಟಿಮುಟ್ಟಾಗಿದ್ದೀರಿ, ಫ್ಲೂ ಬಂದರೆ ನಾಲ್ಕು ದಿನ ರಜೆ ಹಾಕಿದರಾಯಿತು ಅನ್ನುತ್ತೀರಾದರೆ, ಸಂಜೆ ನಿಮ್ಮ ತಟ್ಟೆಯಿಂದ ಮಂಡಕ್ಕಿ ತಿನ್ನುವವರು ಯಾರು ಎಂದು ಒಮ್ಮೆ ನೋಡಿಕೊಳ್ಳಿ.

ಕಷಾಯ ಬಿಡಬೇಕಿಲ್ಲ. ನಮ್ಮ ಮನೆಯಲ್ಲಿ ಈಗಲೂ ಕುದಿಯುತ್ತದೆ.

ಮೊನ್ನೆ ಭಾನುವಾರ ಅಪ್ಪಯ್ಯ ಫೋನ್ ಮಾಡಿದ್ದರು. ಮೈಲುತುತ್ತಿನ ರೇಟು ಏರಿದೆ, ಕೊನೆಗಾರ ಸಿಗುತ್ತಿಲ್ಲ, ಈ ಸಲ ಮಳೆ ಬೇಗ ಬರುವ ಹಾಗಿದೆ ಎಂದು ಎಲ್ಲ ಹೇಳಿ, ಇಡುವ ಮುಂಚೆ ಕೇಳಿದರು:

“ನಂದು ಶುಕ್ರವಾರವೇ ಆತು. ನೀ ಹಾಕಿಸ್ಕಂಡ್ಯಾ?”